ಬಿಳಿ ಹೂವು, ಮೂರಕ್ಷರ

ಮೊನ್ನೆ ಠಾಣೆಯ ನೌಪಾಡಾದಲ್ಲಿ ಹೂವಿನವಳೊಬ್ಬಳ ಬುಟ್ಟಿಯ ಮುಂದೆ ನಿಂತು, ಮರಾಠಿಯಲ್ಲೇ, ಬಿಳಿ ಹೂವು ಕೊಡಿ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಬುಟ್ಟಿಯಲ್ಲಿ ಇದ್ದದ್ದೆಲ್ಲ ಬಿಳಿಯೇ. ಸುಗಂಧರಾಜ, ನಂದಿಬಟ್ಟಲು, ಸೇವಂತಿಗೆ, ಮೋಗ್ರಾ. ಯಾವುದು ಬೇಕು, ಹೆಸರು ಹೇಳಿ ಎಂದಳು. ಹೆಸರು ನನಗೆ ಗೊತ್ತಿಲ್ಲವೆಂದಲ್ಲ, ಎರಡು ಮೂರು ಭಾಷೆಯಲ್ಲಿ ಗೊತ್ತು. ಆದರೂ ಬೆರಳು ತೋರಿಸಿಯೇ ಕೊಂಡೆ. ಮಳೆ ಆಗಷ್ಟೇ ನಿಂತಿತ್ತು. ಹಸಿ ಎಲೆಯಲ್ಲಿ ಸುತ್ತಿಕೊಟ್ಟ ದಂಡೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ರಿಕ್ಷಾ ಹಿಡಿಯುವುದನ್ನು ಮರೆತು ಕಳವಾ ಊರಿನ ಹಳೇ ಚಾಳಿನ ಒಂದು ಮಳೆಗಾಲಕ್ಕೆ ಹೋಗಿಬಿಟ್ಟೆ.

ಎಂಬತ್ತರ ದಶಕ ಆಗಿನ್ನೂ ಹೊಸದು. ಖಾಡಿ ಎಂದರೆ ಸಮುದ್ರದ ಹಿನ್ನೀರು, ಅದರ ಈಚೆ ಠಾಣೆ, ಆಚೆ ಕಳವಾ. ನಮ್ಮದು ಚಾಳಿನ ಮೊದಲ ಮಾಳಿಗೆಯಲ್ಲಿ ಒಂದು ಖೋಲಿ, ಅದರದೇ ಮೂಲೆಯಲ್ಲಿ ಅಡುಗೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಂದೆ ತಾಯಿ. ನಮ್ಮ ಬಿಜಾಪುರದ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಹಾಗಾಗಿ ನಮ್ಮ ಮನೆಯಲ್ಲಿ ಯಾರು ಯಾರೆಂದು ಶಾಲೆಯ ಗೆಳತಿಯರಿಗೆ ತಿಳಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನದ ಸುಟ್ಟಿ ಮುಗಿದೇ ಹೋಗುತ್ತಿತ್ತು. ನನಗೆ ಹನ್ನೆರಡು ವರ್ಷ, ಮರಾಠಿ ಶಾಲೆ. ಕನ್ನಡ ಕಿವಿಗೆ ತಿಳಿಯುತ್ತಿತ್ತು. ಬಾಯಿ ತೆರೆದರೆ ಮರಾಠಿ, ಸಿಟ್ಟು ಬಂದರೆ ಹಿಂದಿ.

ಮುತ್ಯಾ ಕಲ್ಯಾಣದ ಗೋದಾಮುಗಳಲ್ಲಿ ಮೂಟೆ ಹೊತ್ತು ಬೆನ್ನು ಸವೆಸಿ ಆಗ ಮನೆಯಲ್ಲಿ ಕೂತಿದ್ದ. ಊರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಅವನಲ್ಲಿ ಗಟ್ಟಿಯಾಗಿ ಉಳಿದಿದ್ದವು. ವಾರಕ್ಕೊಮ್ಮೆ ಠಾಣೆ ಸ್ಟೇಶನ್ನಿಗೆ ಹೋಗಿ ಒಂದು ಕನ್ನಡ ವಾರಪತ್ರಿಕೆ ತರುತ್ತಿದ್ದ. ಸುದ್ದಿ, ಕತೆ ಏನೂ ಬೇಡ ಅವನಿಗೆ, ನೇರ ಪದಬಂಧದ ಪುಟ. ಗ್ಯಾಲರಿಯಲ್ಲಿ ಖೋಕೆ ಎನ್ನುವ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು, ಯಾರಿಗೆಂದು ಹೇಳದೆ, ರೈಲು ಹಳಿಯ ಕಡೆ ಮುಖ ಮಾಡಿ ಸುಳಿವು ಓದುವನು. "ಕರೀದೆ ಬಂದರೂ ಉಣ್ಣಾಕ ನೀಡಬೇಕು, ಮೂರಕ್ಷರ." ಒಳಗಿಂದ, ರೊಟ್ಟಿ ಬಡಿಯುತ್ತಲೇ, ಆಯಿ ಅನ್ನುವಳು: "ಬೀಗರು." ಒಂದಕ್ಷರ ಓದಲು ಬಾರದ ಆಯಿ ಬೆರಳ ಗಂಟಿನ ಮೇಲೆ ಅಕ್ಷರ ಎಣಿಸಿ ಉತ್ತರ ಕೊಡುತ್ತಿದ್ದಳು. ಬೇಸಾಯದ ಶಬ್ದ, ಹಬ್ಬದ ಶಬ್ದ, ಹಳೇ ಪಾತ್ರೆ ಪಡಗದ ಶಬ್ದ, ಅವಳಲ್ಲಿ ಇಲ್ಲದ್ದೇ ಇರಲಿಲ್ಲ. ಅವರಿಬ್ಬರೂ ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಪದಬಂಧವೇ ಅವರ ಮಾತುಕತೆ.

ಜೂನಿನಲ್ಲಿ ಮಿರಗದ ಮಳೆ ಜೋರು ಹಿಡಿದ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ನಡುವೆಯೇ ನಿಂತಿತು. ಅವ್ವ ತಿರುಗಿ ನೋಡಿದರೆ ಆಯಿಯ ಬಲಗೈ ಹಿಟ್ಟಿನ ಮೇಲೆ ಬಿದ್ದುಕೊಂಡಿತ್ತು, ಬಾಯಿ ಒಂದು ಕಡೆ ಜಾರಿತ್ತು. ಲಕ್ವಾ ಹೊಡೆದಿತ್ತು. ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲು ಬಂದ್ ಆಗಿದ್ದವು. ಚಾಳಿನ ಗಂಡಸರು ಸೇರಿ ಟೆಂಪೋ ಒಂದರಲ್ಲಿ ಸೇತುವೆ ದಾಟಿಸಿ ಠಾಣೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಜೀವ ಉಳಿಯಿತು. ಕೆಲವು ದಿನಕ್ಕೆ ಕಾಲೆಳೆಯುತ್ತ ನಡೆಯುವ ಹಾಗೂ ಆದಳು. ಹೋದದ್ದು ಮಾತು.

ಮನೆಗೆ ಕಳಿಸುವ ದಿನ ಅಪ್ಪನಿಗೆ ಪಾಳಿ ಇತ್ತು. ಕರೆತರಲು ಮುತ್ಯಾ ಹೋದ, ಜೊತೆಗೆ ನಾನು. ಡಾಕ್ಟರು ಉತ್ತರದ ಕಡೆಯ ಎಳೇ ಹುಡುಗ, ಹಿಂದಿ ಬಿಟ್ಟರೆ ಇಂಗ್ಲಿಷ್. ಮುತ್ಯಾನ ಹಿಂದಿ ಮೂಟೆ ಇಳಿಸುವುದಕ್ಕಷ್ಟೇ ಸಾಕಾಗುವಂಥದ್ದು. ಹೀಗಾಗಿ ದುಭಾಷಿ ನಾನೇ. ಡಾಕ್ಟರು ಪೆನ್ನು ತೋರಿಸಿದ. ಆಯಿ, "ನೀರು" ಎಂದಳು. ಕೈಗಡಿಯಾರ ತೋರಿಸಿದ. ಅದಕ್ಕೂ "ನೀರು." ಆಮೇಲೆ ಮಂಚದ ಕಾಲಬದಿ ನಿಂತಿದ್ದ ಮುತ್ಯಾನತ್ತ ಕೈ ಮಾಡಿ, ಇವರ ಹೆಸರು ಹೇಳಲಿ ಎಂದ. ನಾನು ಕನ್ನಡಕ್ಕೆ ತಿರುಗಿಸಿ, ಮುತ್ಯಾನ ಹೆಸರೇನು ಆಯಿ ಎಂದು ಕೇಳಿದೆ. ಆಯಿ ನನ್ನನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು, ಸೆರಗು ಬಾಯಿಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಮತ್ತೆ ಕೇಳಿದರೂ ಅಷ್ಟೇ. ಡಾಕ್ಟರು ಒಳ್ಳೆಯವನು, ಮೆತ್ತಗೆ ಹೇಳಿದ. ಸದ್ಯ ಗುರುತು ಹತ್ತುತ್ತಿಲ್ಲ, ಮುಂದೆ ಹತ್ತಬಹುದು, ಹತ್ತದೇ ಇರಬಹುದು. ದಿನಾ ಮಾತಾಡಿಸಿ, ಸಣ್ಣ ಮಕ್ಕಳ ಜೊತೆ ಆಡುವ ಹಾಗೆ ಶಬ್ದಗಳ ಆಟ ಆಡಿಸಿ. ಅದನ್ನೂ ನಾನೇ ಕನ್ನಡ ಮಾಡಿ ಮುತ್ಯಾನಿಗೆ ಹೇಳಿದೆ. ಸೇತುವೆ ದಾಟುವ ಬಸ್ಸಿನಲ್ಲಿ ಅವನು ಖಾಡಿಯನ್ನೇ ನೋಡುತ್ತ ಕೂತಿದ್ದ.

ಆಯೀಗೆ ಮುತ್ಯಾ ಯಾರೆಂದೇ ತಿಳಿಯಲಿಲ್ಲ ಎಂದು ಮನೆಯಲ್ಲಿ ಡಂಗುರ ಹೊಡೆದವಳೂ ನಾನೇ. ಡಾಕ್ಟರು ಏನು ಕೇಳಿದ, ಹೇಗೆ ಕೇಳಿದ ಎಂದು ಯಾರೂ ವಿಚಾರಿಸಲಿಲ್ಲ. ಪೆನ್ನಿಗೆ ನೀರು ಎಂದವಳು ಗಂಡನನ್ನು ಮರೆತಳೆಂದರೆ ನಂಬದೇ ಇರಲು ಕಾರಣವೇನಿತ್ತು? ಅವ್ವ ಕಣ್ಣೊರೆಸಿಕೊಂಡು ಚಹಾಕ್ಕಿಟ್ಟಳು.

ಅಲ್ಲಿಂದ ಮುತ್ಯಾ ಮನೆಯೊಳಗೆ ಹೊರಗಿನವನಾದ. ಅವನು ಹೊಸ್ತಿಲು ದಾಟಿದರೆ ಸಾಕು, ಆಯಿ ಎಡಗೈಯಿಂದ ಸೆರಗೆಳೆದು ಬಾಯಿ ಮುಚ್ಚಿಕೊಂಡು ಮುಖ ತಿರುಗಿಸುವಳು. ಅವನು ಊಟದ ತಾಟನ್ನು ಗ್ಯಾಲರಿಗೇ ತರಿಸಿಕೊಳ್ಳತೊಡಗಿದ. ಇರಚಲು ಹೊಡೆಯುವಾಗ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಮುದುರಿಕೊಂಡು ಅಲ್ಲೇ ಕೂರುತ್ತಿದ್ದ. ವಾರಪತ್ರಿಕೆ ತರುವ ರೂಢಿ ಬಿಡಲಿಲ್ಲ, ಆದರೆ ಬಿಚ್ಚದೆ ಗಾದಿಯ ಕೆಳಗೆ ತಳ್ಳುತ್ತಿದ್ದ. ಆಷಾಢದಲ್ಲಿ ಒಂದು ದಿನ ಮಂಚದಡಿಯಿಂದ ತನ್ನ ತಗಡಿನ ಟ್ರಂಕು ಎಳೆದು, ಎರಡು ಧೋತರ, ಒಂದು ಕಂಬಳಿ ತುಂಬಿ, ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಅದಕ್ಕೆ ಬಿಗಿದ. ದಸರೆಯ ಬನ್ನಿ ಕೊಟ್ಟು ಊರಿಗೆ ಹೋಗುತ್ತೇನೆ, ತಮ್ಮನ ಮಕ್ಕಳ ಹತ್ತಿರ ಇರುತ್ತೇನೆ ಎಂದ. ಅಪ್ಪ ಬೈದ, ಬೇಡಿಕೊಂಡ. ಮುತ್ಯಾ ದನಿ ಏರಿಸಲಿಲ್ಲ.

"ಆಕೀಗೆ ಈಗ ನಾ ಪರಗಂಡಸು ಆಗೀನಿ. ಗುರುತಿಲ್ಲದ ಗಂಡಸು ಒಂದ ಖೋಲ್ಯಾಗ ಹಗಲೂ ರಾತ್ರಿ ಎದುರಿಗಿದ್ದರ ಯಾವ ಹೆಣ್ಣಮಗಳಿಗೆ ಜೀವ ಸಮಾಧಾನ ಇರತೈತಿ? ನಾ ಇರೂತನಕ ಆಕಿ ಸೆರಗ ಬಿಡಂಗಿಲ್ಲ. ನಾ ಹ್ವಾದ ಮ್ಯಾಲರೆ ಮಾತು ಬರಲಿ."

ನನಗೆ ಭಯ ಹುಟ್ಟಿತು. ಮುತ್ಯಾ ಇಲ್ಲದ ಗ್ಯಾಲರಿಯನ್ನು ನಾನು ಕಂಡೇ ಇರಲಿಲ್ಲ. ದಸರೆಯೊಳಗೆ ಆಯೀಗೆ ಮಾತು ಬಂದರೆ ಗುರುತೂ ಬರುತ್ತದೆ, ಗುರುತು ಬಂದರೆ ಮುತ್ಯಾ ಹೋಗುವುದಿಲ್ಲ ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡು ಶಬ್ದದ ಆಟಕ್ಕೆ ಕೂತೆ.

ಮೊದಮೊದಲು ಎಲ್ಲವೂ ನೀರಾಯಿತು. ಲೋಟ, ಕಸಬರಿಗೆ, ನನ್ನ ರಿಬ್ಬನ್ನು, ಎಲ್ಲ ನೀರು. ಬೇಸತ್ತ ಒಂದು ಸಂಜೆ ಉಳ್ಳಾಗಡ್ಡಿ ಎತ್ತಿ ಹಿಡಿದು, ಇದು ಕಾಂದಾ, ಕಾಂದಾ ಅನ್ನು ಎಂದು ಮರಾಠಿಯಲ್ಲಿ ಗದರಿದೆ. ಆಯಿಯ ಕಣ್ಣು ಕೆಂಪಾದವು. ನನ್ನ ಕೈಯಿಂದ ಅದನ್ನು ಕಸಿದುಕೊಂಡು, ತುಟಿ ತಿರುಚಿ, "ಉ... ಉಳ್ಳಾಗಡ್ಡಿ" ಎಂದಳು. ಅವ್ವ ಒಲೆ ಬಿಟ್ಟು ಎದ್ದು ಬಂದಳು. ಹೀಗೆ ಆಯಿಯ ಬೀಗದ ಕೈ ನನಗೆ ಸಿಕ್ಕಿತು. ಸರಿ ಶಬ್ದ ಕೇಳಿದರೆ ಅವಳಿಗೆ ಬಾರದು, ತಪ್ಪು ಶಬ್ದ ಹೇಳಿದರೆ ಸುಮ್ಮನಿರಲಾರಳು.

ಅಂದಿನಿಂದ ಅದೇ ಆಟ. ನಾನು ಬೇಕೆಂದೇ ತಪ್ಪು ಹೇಳುವುದು, ಅವಳು ತಿದ್ದುವುದು, ತಿದ್ದಿದ್ದಕ್ಕೊಂದು ಹುಣಸೆ ಬೀಜ. ನಾನು ಭಾಕರಿ ಎಂದರೆ ರೊಟ್ಟಿ. ಮೀಠ ಎಂದರೆ ಉಪ್ಪು. ಆಮೇಲೆ ವಿರುದ್ಧ ಶಬ್ದದ ಆಟ ಸೇರಿತು, ಹಸಿ ಎಂದರೆ ಒಣ, ನೆಟ್ಟಗ ಎಂದರೆ ಸೊಟ್ಟ. ನನ್ನ ಕನ್ನಡದ ಚೀಲ ಬೇಗ ಬರಿದಾಗಿ, ಹೊಸ ಶಬ್ದಕ್ಕಾಗಿ ಅವ್ವನ ಬೆನ್ನು ಹತ್ತುತ್ತಿದ್ದೆ. ಕಲಿಸುವವಳಿಗಿಂತ ಮರೆತವಳ ಹತ್ತಿರವೇ ಶಬ್ದ ಹೆಚ್ಚಿದ್ದವು. ಶ್ರಾವಣ ಬರುವ ಹೊತ್ತಿಗೆ ಆಯಿ ತಡೆತಡೆದು ಒಂದು ಒಗಟನ್ನೇ ಹಾಕಿದಳು. "ಬಡದರ ಬೆಳೀತೈತಿ, ಉಬ್ಬಿದರ ಹೊಟ್ಟಿ ತುಂಬತೈತಿ." ನಾನು ಬಲೂನು ಎಂದೆ. ಅವಳು ನಕ್ಕಳು. ಒಂದು ಬದಿಯ ನಗೆ, ಆದರೂ ನಗೆ. ಅವ್ವ ಆಗ ಬಡಿಯುತ್ತಿದ್ದ ರೊಟ್ಟಿಯನ್ನೇ ಎತ್ತಿ ನನಗೆ ತೋರಿಸಿದಳು. ಬಾಗಿಲಾಚೆ ಮುತ್ಯಾ ಮುಖ ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದ, ಒಳಗೆ ಮಾತ್ರ ಬರಲಿಲ್ಲ.

ಶ್ರಾವಣದ ಒಂದು ಶುಕ್ರವಾರ ಗಾದಿಯ ಕೆಳಗಿನ ಪತ್ರಿಕೆಗಳಲ್ಲೊಂದನ್ನು ಎಳೆದು ಪದಬಂಧ ಬಿಚ್ಚಿದೆ. ಕನ್ನಡ ಅಕ್ಷರ ಮುತ್ಯಾನೇ ಹಿಂದೆ ಕಲಿಸಿದ್ದು, ಕೂಡಿಸಿ ಓದಲು ಬರುತ್ತಿತ್ತು. ಮೊದಲ ಸುಳಿವು, ಮುಡಿಗೇರುವ ಬಿಳಿ ಹೂವು, ಮೂರಕ್ಷರ. ಅವ್ವ ಅಂದೇ ಲಕ್ಷ್ಮಿಗೆಂದು ತಂದ ದಂಡೆ ದೇವರ ಗೂಡಿನಲ್ಲಿ ಘಮಘಮಿಸುತ್ತಿತ್ತು. ಅದನ್ನು ತೋರಿಸಿ, ಮೋಗ್ರಾ ಎಂದೆ. ಮೋಗ್ರಾ ಎರಡೇ ಅಕ್ಷರ, ಮನೆಗಳು ಮೂರು. ಕನ್ನಡದಲ್ಲಿ ಇದಕ್ಕೇನು ಆಯಿ ಎಂದು ಕೇಳಿದೆ.

"ಬಿಳಿ ಹೂವು," ಎಂದಳು ಆಯಿ.

ಅದು ಸುಳಿವು, ಉತ್ತರವಲ್ಲ, ಹೆಸರು ಹೇಳು ಎಂದೆ. ಮತ್ತೆ "ಬಿಳಿ ಹೂವು." ಕನಕಾಂಬರ ಹೇಳಿದವಳು, ಸೇವಂತಿಗೆ ಹೇಳಿದವಳು, ಇದಕ್ಕೆ ಮಾತ್ರ ಹಟ ಹಿಡಿದಳು. ಆದರೆ ಮರೆತವಳ ಮುಖ ಹಾಗಿರುವುದಿಲ್ಲ. ಎರಡು ತಿಂಗಳಿಂದ ನಾನು ಆ ಮುಖವನ್ನೇ ಓದುತ್ತ ಕೂತಿದ್ದೆ. ಶಬ್ದ ಸಿಗದಾಗ ಅವಳ ಹುಬ್ಬು ಗಂಟಾಗುತ್ತಿತ್ತು. ಈಗ ಗಂಟಿರಲಿಲ್ಲ. ಗೊತ್ತಿದ್ದೂ ಹೇಳಲೊಲ್ಲೆ ಎನ್ನುವವರ ನಾಚಿಕೆ ಇತ್ತು. ಅವಳು ಗದ್ದ ಎತ್ತಿ ಗ್ಯಾಲರಿಯ ಕಡೆ ತೋರಿಸಿದಳು.

ನಾನು ಅವ್ವನ ಹತ್ತಿರ ಹೋದೆ. ಅವ್ವನೂ ಅದಕ್ಕೆ ಬಿಳಿ ಹೂವು ಎಂದೇ ಅನ್ನುತ್ತಿದ್ದಳು, ನನಗದು ಆವತ್ತೇ ಹೊಳೆದದ್ದು. ಹೆಸರು ಕೇಳಿದರೆ ಅವಳು ನಕ್ಕು, ಪರಾತದಲ್ಲಿ ಹರಡಿದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಬರೆದಳು. ಮಲ್ಲಿಗೆ. ಬರೆದವಳೇ ಅಂಗೈಯಿಂದ ಅಳಿಸಿದಳು.

"ಇದನ್ನ ನಾ ಬಾಯಿಲೆ ಅನ್ನೂದಿಲ್ಲ, ನಿಮ್ಮ ಆಯೀನೂ ಅನ್ನೂದಿಲ್ಲ. ನಿಮ್ಮ ಮುತ್ಯಾನ ಹೆಸರು ಅದರಾಗ ಬರತೈತಿ. ಗಂಡನ ಹೆಸರು, ಮಾವನ ಹೆಸರು ಹೆಣ್ಣಮಕ್ಕಳು ಹಿಡಿಬಾರದು."

ರೇಶನ್ ಕಾರ್ಡಿನ ಮೇಲೆ ನೋಡಿದ್ದ ಹೆಸರು ನೆನಪಾಯಿತು, ಮಲ್ಲಪ್ಪ. ಆಮೇಲೆ ಆಸ್ಪತ್ರೆ ನೆನಪಾಯಿತು. ಹಾಗಾದರೆ ಡಾಕ್ಟರು ಕೇಳಿದ್ದೂ ಅದನ್ನೇ ಎಂದೆ. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು.

"ಏನ ಕೇಳಿದಾ? ಹೆಸರ ಕೇಳಿದನೇನು?"

ಹೂಂ, ಮುತ್ಯಾನ ಹೆಸರೇನು ಅಂತ ಎಂದೆ. ಅವ್ವ ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಮದುವೆಯಾದಾಗಿನಿಂದ ಗಂಡನ ಹೆಸರಿನ ಹೂವನ್ನೂ ಬಾಯಿಗೆ ತಾರದವಳು ಪರವೂರಿನ ಹುಡುಗ ಡಾಕ್ಟರನ ಮುಂದೆ, ಗಂಡನ ಎದುರಿಗೇ, ಹೆಸರು ಹೇಳುತ್ತಾಳೆಯೇ? ಗೋಡೆಗೆ ಮುಖ ಮಾಡುತ್ತಾಳೆ. ಮಾತು ಕಳಕೊಂಡರೂ ಆಯಿ ಮರ್ಯಾದೆ ಕಳಕೊಂಡಿರಲಿಲ್ಲ. ಆವತ್ತು ಅವ್ವನೇನಾದರೂ ಜೊತೆಗಿದ್ದಿದ್ದರೆ ಆಸ್ಪತ್ರೆಯಲ್ಲೇ ಮುಗಿಯುತ್ತಿದ್ದ ಮಾತು ಇದು. ಹೋದದ್ದು ನಾವಿಬ್ಬರು, ಹೆಂಗಸರು ಏನನ್ನು ಬಾಯಿಗೆ ತರುವುದಿಲ್ಲ ಎಂದು ಎಂದೂ ಯೋಚಿಸದ ಒಬ್ಬ ಗಂಡಸು, ಆ ಪದ್ಧತಿಯ ಗಂಧವೇ ಇಲ್ಲದ, ಕಳವಾದಲ್ಲಿ ಬೆಳೆದ ಒಬ್ಬ ಹುಡುಗಿ. ಆ ಮೂರು ಮನೆ ತುಂಬಬೇಡ, ಮುತ್ಯಾನ ಕೈಯಿಂದಲೇ ತುಂಬಿಸು ಎಂದು ಅವ್ವ ನನ್ನನ್ನು ಗ್ಯಾಲರಿಗೆ ಅಟ್ಟಿದಳು.

ಮುತ್ಯಾ ಎಲ್ಲ ಕೇಳಿಸಿಕೊಂಡ. ತನಗೂ ಹೊಳೆಯಲಿಲ್ಲ ಎಂದು ಒಪ್ಪಿಕೊಂಡ, ಆದರೆ ಪೂರ್ತಿ ನಂಬಲಿಲ್ಲ. "ಹೆಸರ ಹೇಳಲಿಲ್ಲ, ಅದು ಖರೆ. ಹಂಗಾರ ಮಾರಿ ಯಾಕ ಮುಚ್ಚಿಕೊಳ್ತಾಳ? ಇಷ್ಟು ವರ್ಷ ನನ್ನ ಕಂಡು ಹಿಂಗ ಮುಚ್ಚಿಕೊಂಡಾಕಿ ಅಲ್ಲ. ನನ್ನ ಸಮಾಧಾನಕ್ಕ ನಿಮ್ಮವ್ವ ಕತಿ ಕಟ್ಯಾಳ." ಪತ್ರಿಕೆಯನ್ನು ಮಡಿಚಿ ಕೊಟ್ಟ. ಟ್ರಂಕಿನ ಹಗ್ಗ ಹಾಗೇ ಇತ್ತು.

ಒಳಗೆ ಬಂದು ಆಯಿಯನ್ನೇ ಕೇಳಿದೆ, ಮುತ್ಯಾ ಬಂದರೆ ಸೆರಗು ಯಾಕೆ ಎಂದು. ಅವಳು ಬಹಳ ಹೊತ್ತು ಶಬ್ದ ಹುಡುಕಿದಳು. ಆಮೇಲೆ ಬಾಯಿಯ ಬಲಮೂಲೆ ಮುಟ್ಟಿಕೊಂಡು, ನಾನೇ ಆಟದಲ್ಲಿ ಹೇಳಿಸಿದ್ದ ಶಬ್ದ ಹೇಳಿದಳು. "ಸೊಟ್ಟ."

ಸೊಟ್ಟ ಬಾಯಿ ಗಂಡನ ಕಣ್ಣಿಗೆ ಬೀಳಬಾರದೆಂದು ಅವಳು ಮುಚ್ಚಿಕೊಳ್ಳುತ್ತಿದ್ದಳು. ಅವನು ತಾನು ಗುರುತಿಲ್ಲದವನಾದೆನೆಂದು ಹೊರಗೆ ಕೂರುತ್ತಿದ್ದ. ನಡುವೆ ಒಂದು ಹೊಸ್ತಿಲು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಅಳುವೂ ಬಂತು. ಮುತ್ಯಾನಿಗೆ ಇದನ್ನೂ ಹೇಳಿದೆ. ಅವನು ಹಳಿಯ ಕಡೆ ಮುಖ ತಿರುಗಿಸಿದ.

ನವರಾತ್ರಿ ಬಂತು. ಮಳೆ ಕೈಬಿಡುವ ಹೊತ್ತು, ಅಂಗಳದ ಕೆಸರು ಗಟ್ಟಿಯಾಗುವ ಹೊತ್ತು. ಪಕ್ಕದ ಖೋಲಿಯ ಸಾವಂತ್ ಕಾಕು ಪ್ರತಿವರ್ಷ ಭೋಂಡ್ಲಾ ಇಡುತ್ತಿದ್ದರು. ಮಣೆಯ ಮೇಲೆ ಆನೆಯ ಚಿತ್ರ ಬರೆದು, ಹುಡುಗಿಯರು ಸುತ್ತ ಹಾಡುತ್ತ ತಿರುಗುವುದು, ಕೊನೆಗೆ ಮುಚ್ಚಿಟ್ಟ ತಿಂಡಿ ಯಾವುದೆಂದು ಎಲ್ಲರೂ ಊಹಿಸುವುದು. ತಿಂಡಿಯ ಹೆಸರು ಹೇಳುವತನಕ ಮುಚ್ಚಳ ತೆಗೆಯುವ ಹಾಗಿಲ್ಲ. ಕಾಕು ತಾವೇ ಬಂದು ಆಯಿಯ ಕೈ ಹಿಡಿದು ನಡೆಸಿಕೊಂಡು ಹೋದರು. ಗಂಡಸರು ಎಂದಿನಂತೆ ಗ್ಯಾಲರಿಯಲ್ಲಿ. ಮುತ್ಯಾ ತನ್ನ ಖೋಕೆಯ ಮೇಲೆ.

ನಾವು ಹುಡುಗಿಯರು ಲಾಡು, ಚಕ್ಕುಲಿ, ಪೋಹೆ ಎಂದು ಕೂಗಿ ಸೋತೆವು. ಗೋಡೆಗೊರಗಿ ಕೂತಿದ್ದ ಆಯಿ ಮೂಗು ಏರಿಸಿ, "ಸಜ್ಜಕ" ಎಂದಳು. ಅಲ್ಲ, ಶಿರಾ ಎಂದರು ಕಾಕು. ಆಯಿ, "ಸಜ್ಜಕ," ಎಂದು ಮತ್ತೆ ತಿದ್ದಿದಳು. ಎರಡೂ ಒಂದೇ ಎಂದು ನಾನು ತೀರ್ಪು ಕೊಟ್ಟೆ. ನಗೆ ಎದ್ದಿತು. ಆ ನಗೆಯಲ್ಲೇ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಗಂಡನ 'ನಾವ', ಅಂದರೆ ಹೆಸರು, ಹೇಳತೊಡಗಿದರು. ಮರಾಠಿಯವರು ಅದಕ್ಕೆ ಉಖಾಣಾ ಎನ್ನುತ್ತಾರೆ, ನಮ್ಮವರು ಒಡಪು. ಬರೀ ಬಾಯಲ್ಲಿ ಹೇಳಬಾರದ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳಬಹುದು. ಅವ್ವನೂ ಅಪ್ಪನ ಹೆಸರು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಕಾಕು ತಿರುಗಿ, "ಆಜೀ, ಆತಾ ತುಮಚಾ ಉಖಾಣಾ," ಎಂದರು. ಅಜ್ಜಿ, ಈಗ ನಿಮ್ಮದು.

ಕಾಕೂಗೆ ನಮ್ಮ ಮನೆಯ ಕತೆ ಅವ್ವ ಹೇಳಿದ್ದಳೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಯಿ ಸೆರಗು ಬಾಯಿಗೆ ಎಳೆದುಕೊಂಡು ನೆಲ ನೋಡಿದಳು. ಮಾತಾಡಬೇಕೆಂದರೆ ಸೆರಗು ಬಿಡಬೇಕು. ಬಿಟ್ಟಳು. ಎಡಗೈ ಮೊಣಕಾಲ ಮೇಲಿಟ್ಟು ಶುರು ಮಾಡಿದಳು.

"ಹಿತ್ತಲದಾಗ ಹಬ್ಬೇತಿ ಹೀರಿಬಳ್ಳಿ ಚಪ್ಪರ..."

ಅಲ್ಲಿಗೆ ನಿಂತಿತು. ಹುಬ್ಬು ಗಂಟಾಯಿತು. ಅವ್ವ ಎತ್ತಿಕೊಡಲು ಬಾಯಿ ತೆರೆದಳು, ಅವಳ ಬಾಯಲ್ಲೂ ಆ ಹೆಸರು ಬರುವಂತಿಲ್ಲ, ಮುಚ್ಚಿದಳು. ನಾನು ಹೇಳಬಹುದಿತ್ತು, ಹೇಳಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಮುತ್ಯಾ ಎದ್ದು ಬಂದು ನಿಂತಿದ್ದ. ಆಯಿ ಅವನನ್ನು ನೋಡಿದಳು. ಎಡಗೈ ಸೆರಗಿನ ತನಕ ಹೋಗಿ ಅಲ್ಲೇ ನಿಂತಿತು. ಸೊಟ್ಟ ಬಾಯಿ ಸೊಟ್ಟಾಗಿಯೇ ಇರಲಿ ಎಂದು ಬಿಟ್ಟು, ಅವನ ಮುಖವನ್ನೇ ನೋಡುತ್ತ ಹೇಳಿದಳು.

"...ಮಲ್ಲಪ್ಪನವರು ಜೋಡಿಗಿದ್ದರ ಯಾವೂರಾಗೂ ಇಲ್ಲ ಬ್ಯಾಸರ."

ಕನ್ನಡ ತಿಳಿಯದವರೂ ಚಪ್ಪಾಳೆ ತಟ್ಟಿದರು. ಮುತ್ಯಾ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಮಳೆ ನಿಂತು ವಾರವಾಗಿತ್ತು. ಮಿರಗದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ನಮ್ಮೆಲ್ಲರ ಜೀವ ಹಗುರಾಯಿತು. ನಾನಂತೂ ಕಾಕುವಿನ ಶಿರಾ, ಅಂದರೆ ಸಜ್ಜಕ, ಎರಡು ಬಟ್ಟಲು ತಿಂದೆ.

ಆಯಿಯ ಮಾತು ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ಚಮಚಕ್ಕೆ ಚಾವಿ ಎನ್ನುವುದು ಕೊನೆಯತನಕ ಉಳಿಯಿತು. ನನಗೆ ಕನ್ನಡ ಬಂದದ್ದು ಮಾತ್ರ ಆ ಮಳೆಗಾಲದಲ್ಲಿ, ತಪ್ಪು ಹೇಳಿ ತಿದ್ದಿಸಿಕೊಂಡ ಶಬ್ದಗಳಿಂದ. ಈಗ ಬರೆಯುತ್ತಿರುವುದೂ ಅದೇ ಬಂಡವಾಳದ ಮೇಲೆ.

ಭೋಂಡ್ಲಾದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕಿನ ಹಗ್ಗ ಗ್ಯಾಲರಿಗೆ ವಾಪಸು ಬಂದು, ಅದರ ಮೇಲೆ ಅವ್ವನ ಸೀರೆ, ಅಪ್ಪನ ಖಾಕಿ ಪ್ಯಾಂಟು, ಮುತ್ಯಾನ ಎರಡೂ ಧೋತರ ಒಣಗುತ್ತಿದ್ದವು. ಮುತ್ಯಾ ಖೋಕೆಯನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡು, ಶ್ರಾವಣದ ಹಳೇ ಪತ್ರಿಕೆ ತೊಡೆಯ ಮೇಲೆ ಹರಡಿ, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ. ರೈಲು ಹಳಿಯ ಕಡೆ ಮುಖ ಮಾಡಿ, ಯಾರಿಗೆಂದು ಹೇಳದೆ ಓದಿದ. "ಮುಡಿಗೇರುವ ಬಿಳಿ ಹೂವು. ಮೂರಕ್ಷರ."

ಮುತ್ಯಾ ಇನ್ನೊಮ್ಮೆ ಓದಿದ, ಈ ಸಲ ತುಸು ಗಟ್ಟಿಯಾಗಿ.

"ನಿನ್ನಿ ಹೇಳೀನಲ್ಲ," ಎಂದಳು ಆಯಿ, ಒಂದೊಂದೇ ಶಬ್ದ ಆರಿಸಿ ಇಟ್ಟು. "ದಿನಾ ಹೇಳೂ ಹೆಸರಲ್ಲ ಅದು."

ಮುತ್ಯಾ ಆ ಮೂರು ಮನೆ ತಾನೇ ತುಂಬಿ, ಮುಂದಿನ ಸುಳಿವು ಓದಿದ.